ಮಾಡಗ್ಯಾಳದ ಸೋಫಾ

ಆಗಿನ ದಿನಗಳಲ್ಲಿ ನಮ್ಮೂರು ಬೆಳುಂಕಿಯಲ್ಲಿ ಸೋಫಾ ಇದ್ದ ಮನೆಗಳೇ ಕಡಿಮೆ. ಬೀಗರು ಬಂದರೆ ಕಾಲಿಗೆ ನೀರು ಕೊಡಬೇಕು, ಕಂಬಳಿ ಹಾಸಬೇಕು; ಅದೇ ದೊಡ್ಡ ಮರ್ಯಾದೆ. ಹಾಗಾಗಿ ಕಂಬಳಿಯ ಮೇಲೆ ಕೂರುವುದು ನನಗೆ ಚೆನ್ನಾಗಿ ಗೊತ್ತಿತ್ತು. ಸೋಫಾದ ಮೇಲೆ ಹೇಗೆ ಕೂರಬೇಕೆಂದು ಯಾರೂ ಕಲಿಸಿರಲಿಲ್ಲ.

ಆ ಬೇಸಿಗೆಯಲ್ಲಿ ಅಕ್ಕನಿಗೆ ಮಾಡಗ್ಯಾಳದ ಹುಡುಗನೊಂದಿಗೆ ಮದುವೆ ಗೊತ್ತಾಗುವುದರಲ್ಲಿತ್ತು. ಅವರು ಬಂದು ನೋಡಿ ಒಪ್ಪಿದ್ದರು. ಅಕ್ಕನೂ ಬಾಗಿಲ ಸಂದಿಯಿಂದ ಅವನನ್ನು ನೋಡಿ ಒಪ್ಪಿಕೊಂಡಿದ್ದಳು. ಇನ್ನು ನಾವು ಹೋಗಿ ಅವರ ಮನೆ ನೋಡಿ ಮಾತು ಮುಗಿಸುವುದಷ್ಟೇ ಬಾಕಿ. ಹೊರಡುವಾಗ ಅಕ್ಕ ನನ್ನ ಜಡೆ ಬಿಗಿಯುತ್ತ, "ಅವರ ಮನ್ಯಾಗ ಸುಮ್ಮ ಕುಂದ್ರು. ಏನರೆ ಮುರದಿ, ಹರದಿ ಅಂದ್ರ ನನ್ನ ಲಗ್ನಾನ ಮುರೀತೈತಿ ನೋಡು!" ಎಂದಳು. ಚೇಷ್ಟೆಗೆ ಹೇಳಿದ್ದಿರಬೇಕು. ಎರಡನೇ ಇಯತ್ತೆಯಲ್ಲಿ ಓದುತ್ತಿದ್ದ ನಾನು ಅದನ್ನು ನಿಜವೆಂದೇ ನಂಬಿದೆ. ಟಮಟಮ್‌ನಲ್ಲಿ ದಾರಿಯುದ್ದಕ್ಕೂ ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ಕುಳಿತೆ.

ಅವರ ಮನೆಯ ಮುಂದೆ ಕುರಿಹಟ್ಟಿ, ಒಳಗೆ ಕೆಂಪು ಸೋಫಾ. ಅದರ ಮೇಲಿನ ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ. ಕುರಿಗಳ ವಾಸನೆಗೆ ಹೊಸ ಪ್ಲಾಸ್ಟಿಕ್ಕಿನ ವಾಸನೆ ಕೂಡಿತ್ತು. "ಬರ್ರಿ, ಬರ್ರಿ, ಮ್ಯಾಲ ಕುಂದ್ರಿ," ಎಂದು ಹುಡುಗನ ತಾಯಿ ಉಪಚರಿಸಿದರು. ಅಪ್ಪ ಸೋಫಾದ ಅಂಚಿಗೆ ಕುಳಿತ. ಅವ್ವ ಇನ್ನೂ ಅಂಚಿಗೆ. ನಡುವೆ ನಾನು, ಕಾಲು ನೆಲಕ್ಕೆ ಎಟುಕದೆ.

"ಕಾಲ ಅಲ್ಲಾಡಿಸಬ್ಯಾಡ," ಎಂದು ಅವ್ವ ಪಿಸುಗುಟ್ಟಿದಳು.

ಅಲ್ಲಾಡಿಸಲಿಲ್ಲ. ಜೋಮು ಹಿಡಿದರೂ ಅಲ್ಲಾಡಿಸಲಿಲ್ಲ. ಆದರೆ ಅವಲಕ್ಕಿಯ ತಾಟು ಕೈಗೆ ಬಂದಾಗ, ಚೆಲ್ಲೀತೆಂಬ ಹೆದರಿಕೆಗೆ ಕಾಲು ಮೇಲೆಳೆದುಕೊಂಡು ಚಕ್ಕಳಬಕ್ಕಳ ಹಾಕಿದೆ, ಕಂಬಳಿಯ ಮೇಲೆ ಉಣ್ಣಲು ಕೂರುವ ಹಾಗೆ. ಗೆಜ್ಜೆಯ ಕೊಂಡಿ ಸಿಕ್ಕಿ ಪ್ಲಾಸ್ಟಿಕ್ ಪರ್ರೆಂದು ಗೇಣುದ್ದ ಹರಿಯಿತು.

ಮುಗಿಯಿತು, ಅಕ್ಕನ ಲಗ್ನ ಮುರಿಯಿತು ಅಂದುಕೊಂಡೆ. ಆದರೆ ನನಗಿಂತ ಹೆಚ್ಚು ಹೆದರಿದವರು ಹುಡುಗನ ತಾಯಿ. ಬಿಳಿಚಿಕೊಂಡು ಬಾಗಿಲ ಕಡೆ ನೋಡಿದರು. ಅಲ್ಲಿ ನೆರೆಮನೆಯ ಹೆಂಗಸು ನಿಂತಿದ್ದಳು.

"ಯವ್ವಾ, ನನ್ನ ಸೋಫಾ! ಕವರಿಗೆ ಒಂದ ಗೀರೂ ಬೀಳಬಾರ್ದು ಅಂತ ಹೇಳಿದ್ನೆಲ್ಲ!"

ಸೋಫಾ ಅವರದಲ್ಲ, ನಮಗೋಸ್ಕರ ಕಡ ತಂದದ್ದು! ಹುಡುಗನ ತಾಯಿ ತಲೆ ತಗ್ಗಿಸಿದರು. "ನೆಲದ ಮ್ಯಾಲ ಕುಂದ್ರಿಸಿದ್ರ ನೀವು ಹಗುರ ತಿಳೀತೀರಂತ..." ಮುಂದಿನ ಮಾತು ಸೆರಗಿನಲ್ಲಿ ಅಡಗಿತು.

ಅಪ್ಪ ಎದ್ದ. ಹೊಡೆತ ಬಿತ್ತೆಂದೇ ನಾನು ಕಣ್ಣು ಮುಚ್ಚಿ ಬೆನ್ನು ಬಿಗಿಹಿಡಿದೆ. ಬೀಳಲಿಲ್ಲ.

"ಕವರ್ ನಾ ಕೊಡಸ್ತೀನಿ ತಂಗೀ," ಎಂದು ನೆರೆಯವಳಿಗೆ ಹೇಳಿದ ಅಪ್ಪ, ಹುಡುಗನ ತಾಯಿಯತ್ತ ತಿರುಗಿದ. "ಇದರ ಮ್ಯಾಲ ಕುಂತ್ರ ನನಗೂ ಮಾತ ಬರವಲ್ದು. ಮಾಡಗ್ಯಾಳದಾಗ ಕಂಬಳಿಗೆ ಬರ ಬಂದೈತೇನು? ಹಾಸ್ರಿ, ಬೀಗತಿಯವರ."

ಬೀಗತಿ! ಮಾತುಕತೆ ಮುಗಿಯುವ ಮೊದಲೇ ಅಪ್ಪ ಸಂಬಂಧ ಒಪ್ಪಿಬಿಟ್ಟಿದ್ದ. ಆಕೆ ಅಳುತ್ತ ನಗುತ್ತ ಒಳಗೋಡಿ ಕರಿ ಕಂಬಳಿ ತಂದು ಹಾಸಿದರು. ಎಲ್ಲರೂ ಕೆಳಗಿಳಿದರು, ನೆರೆಯವಳೂ ಬಂದು ಕುಳಿತು ಚಹಾ ಕುಡಿದಳು. ನಾನು ಮಾತ್ರ ಸಂಜೆ ಊರಿಗೆ ಮರಳಿ ಅಕ್ಕನ ನಗುಮುಖ ನೋಡುವವರೆಗೂ ಹೆದರಿಕೊಂಡೇ ಇದ್ದೆ.

ಮೊನ್ನೆ ಅದೇ ಅಕ್ಕನ ಮಗಳಿಗೆಂದು ಕರಜಗಿಯಲ್ಲಿ ಹುಡುಗನ ಮನೆ ನೋಡಲು ಹೋಗಿದ್ದೆವು. ಸೋಫಾ ಅವರದೇ, ಎಲ್ಲರಿಗೂ ಸಾಲುವಷ್ಟು. ನಾನು ಕಾಲು ಅಲ್ಲಾಡಿಸದೆ ಕುಳಿತೆ. ಎಲ್ಲರೂ ತೂಕದಲ್ಲೇ ಮಾತಾಡಿದರು, ಕಡೆಗೆ "ಫೋನ್ ಮಾಡ್ತೀವ್ರಿ" ಎಂದು ನಮ್ಮವರು ಎದ್ದರು. ಚಹಾ ಕೊಟ್ಟ ಹುಡುಗನ ತಾಯಿ ಹೆದರಿ ಒಬ್ಬೊಬ್ಬರ ಮುಖವನ್ನೇ ನೋಡುತ್ತಿದ್ದದ್ದು ನನಗೆ ಕಂಡಿತ್ತು. ಆಕೆಯ ಹೆದರಿಕೆ ಇಳಿಸಲು ಈಗ ಅಪ್ಪ ಇಲ್ಲ. "ಕಂಬಳಿ ಹಾಸ್ರಿ" ಎನ್ನಲು ನನಗೂ ಬಾಯಿ ಬರಲಿಲ್ಲ.