ಆಯುಧಪೂಜೆಯ ಮಾರನೇ ದಿನ ಕರೆದ ಹೆಸರುಗಳು

ತಮಿಳುನಾಡಿನ ಮೇಚೇರಿ ಸಂತೆಯಲ್ಲಿ ಕುರಿ ವ್ಯಾಪಾರ ಮಾಡುತ್ತಿದ್ದ ಸಿದ್ದಪ್ಪನ ಗಂಟಲು ಎಂಥದ್ದೆಂದರೆ, ಸಂತೆಯ ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಯ ಟೀ ಅಂಗಡಿಯಲ್ಲಿ ತೂಕಡಿಸುತ್ತಿದ್ದವರು ಬೆಚ್ಚಿ ಏಳುತ್ತಿದ್ದರು. ಅಂಥವನ ಮಗಳು ಕಲೈವಾಣಿಗೆ ಮಾತೇ ಕಡಿಮೆ. ಸೇಲಂನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಓದಿ ಬಂದವಳು, ಊರ ಹತ್ತಿರದ ಒಂದು ಟ್ರಸ್ಟ್ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಸರ್ವರ್ ಮುಂದೆ ಕೂತು ಹದಿನಾರು ವರ್ಷವಾಯಿತು. ಆಸ್ಪತ್ರೆಯವರೆಲ್ಲ ಅವಳನ್ನು ಸಿಸ್ಟಮ್ ಅಕ್ಕ ಅಂತಲೇ ಕರೆಯುವುದು. ತಮಿಳು ಓದಿ ಬರೆಯುತ್ತಾಳೆ, ಇಂಗ್ಲಿಷಿನಲ್ಲಿ ಯಂತ್ರದ ಜೊತೆ ಜಗಳ ಆಡುತ್ತಾಳೆ. ಮನೆಮಾತು ಕನ್ನಡ ಮಾತ್ರ ಬಾಯಲ್ಲೇ ಇದೆ, ಒಂದಕ್ಷರ ಬರೆಯಲು ಬರದು.

ಆ ಆಸ್ಪತ್ರೆಯಲ್ಲಿ ಎಂಟು ಕುರ್ಚಿಗಳ ಡಯಾಲಿಸಿಸ್ ವಿಭಾಗ ಇದೆ. ಕಿಡ್ನಿ ಕೈಕೊಟ್ಟವರು ವಾರಕ್ಕೆ ಮೂರು ಸಲ ಬಂದು, ನಾಲ್ಕು ಗಂಟೆ ಕೂತು, ರಕ್ತ ತೊಳೆಸಿಕೊಂಡು ಹೋಗಬೇಕು. ಯಾರ ಮೈಯಿಂದ ಎಷ್ಟು ನೀರು ತೆಗೆಯಬೇಕು, ರಕ್ತ ಹೆಪ್ಪುಗಟ್ಟದಿರಲು ಯಾರಿಗೆ ಎಷ್ಟು ಮದ್ದು ಹಾಕಬೇಕು, ಎಲ್ಲವೂ ಕಲೈವಾಣಿಯ ಸರ್ವರಿನೊಳಗೆ. ಒಳಗೆ ಅಂದರೆ ನಿಜಕ್ಕೂ ಒಳಗೇ. ಆ ಪೆಟ್ಟಿಗೆ ಎದ್ದ ಮೇಲೆ ಅದರೊಳಗೆ ಇನ್ನೊಂದು ಯಂತ್ರ ಏಳುತ್ತದೆ. ಕಣ್ಣಿಗೆ ಕಾಣದ್ದು, ವರ್ಚುವಲ್ ಮೆಷಿನ್ ಅನ್ನುತ್ತಾರೆ. ಕೆಲಸವೆಲ್ಲ ಆ ಕಾಣದ್ದರದ್ದೇ.

ಸಿದ್ದಪ್ಪನ ಕಿಡ್ನಿಯೂ ಕೆಟ್ಟು, ಮಗಳ ಆಸ್ಪತ್ರೆಯಲ್ಲೇ ನಾಲ್ಕನೇ ಕುರ್ಚಿ ಹಿಡಿದ. ಆಗ ಸರದಿ ನೆನಪಿಸಲು ಯಂತ್ರವೇ ತಮಿಳಿನಲ್ಲಿ ಫೋನ್ ಮಾಡುತ್ತಿತ್ತು. ಕನ್ನಡ ಆಡುವ ನಮ್ಮ ಹಳ್ಳಿಗಳ ಮುದುಕರು ಯಾರೋ ಲೋನ್ ಕೊಡುವವಳು ಅಂದುಕೊಂಡು ಪಟ್ಟನೆ ಕಟ್ ಮಾಡಿಬಿಡುತ್ತಿದ್ದರು. "ನಾ ಕರೀತೀನಿ ತಗಾ, ಅದೆಂಗ್ ಬರಾಕಿಲ್ವೋ ನೋಡಾನ," ಅಂದ ಸಿದ್ದಪ್ಪ, ಕುರ್ಚಿಯಲ್ಲಿ ಕೂತಲ್ಲಿಂದಲೇ ಕನ್ನಡದ ರೋಗಿಗಳ ಹೆಸರನ್ನೆಲ್ಲ ಒಂದೊಂದಾಗಿ ರೆಕಾರ್ಡ್ ಮಾಡಿಕೊಟ್ಟ. ಹೆಸರು ಹಿಡಿದು, ರೋಗಿಗಳು ಕಾಯುವ ಹಾಲ್‌ನ ಸ್ಪೀಕರಿನಲ್ಲಿ ಕರೆಯುವುದು ಒಂದು. ಹತ್ತು ನಿಮಿಷದಲ್ಲಿ ಬಾರದಿದ್ದರೆ ಮನೆಗೆ ಫೋನ್ ಮಾಡಿ ಗದರುವುದು ಇನ್ನೊಂದು. ಕೊನೆಗೆ ತನ್ನ ಹೆಸರನ್ನೂ ತಾನೇ ಕೂಗಿಕೊಂಡು ಬಿದ್ದು ಬಿದ್ದು ನಕ್ಕಿದ್ದ.

ಮೂರು ವರ್ಷದ ಹಿಂದೆ ಸಿದ್ದಪ್ಪ ಹೋದ. ಅದೇ ತಿಂಗಳು ಸರ್ವರಿಗೆ ಹೊಸ ಡಿಸ್ಕು ಬಂತು, ಹೊಸ ಸಾಫ್ಟ್‌ವೇರು ಬಂತು, ಕರೆಗಳೆಲ್ಲ ಮತ್ತೆ ತಮಿಳಾದವು. ಹಳೆಯ ಡಿಸ್ಕನ್ನು ಕಿತ್ತು ಅಳಿಸಿಬಿಡಬೇಕು ಅಂತ ಮೇಲಿನವರು ಬರೆದು ಕೊಟ್ಟಿದ್ದರು. ಕಲೈವಾಣಿ ಅದನ್ನು ಕೀಳಲಿಲ್ಲ. ಕೇಳಿದವರಿಗೆಲ್ಲ ಪುರುಸೊತ್ತಿಲ್ಲ ಅಂದಳು. ಪುರುಸೊತ್ತಿಲ್ಲದೆ ಏನು, ಕೈ ಬರಲಿಲ್ಲ ಅಷ್ಟೆ. ಕೇಳೋಣ ಅಂದರೆ ಧೈರ್ಯ ಇಲ್ಲ, ಅಳಿಸೋಣ ಅಂದರೆ ಮನಸ್ಸಿಲ್ಲ. ಹೀಗೆ ಅಪ್ಪನ ಗಂಟಲು ಆ ಪೆಟ್ಟಿಗೆಯ ಮೂಲೆಯಲ್ಲಿ ಮೂರು ವರ್ಷ ಸುಮ್ಮನೆ ಕೂತಿತ್ತು.

ಈಗ ಆಯುಧಪೂಜೆಗೆ ಬರೋಣ. ನಮ್ಮ ಕಡೆ ಅವತ್ತು ಕತ್ತರಿಯಿಂದ ಹಿಡಿದು ಕರೆಂಟ್ ಮೋಟಾರಿನವರೆಗೆ ಎಲ್ಲವನ್ನೂ ತೊಳೆದು, ಗಂಧ ಕುಂಕುಮ ಇಟ್ಟು, ಒಂದು ರಾತ್ರಿ ಮುಟ್ಟದೆ ಬಿಡುತ್ತಾರೆ. ಆಸ್ಪತ್ರೆಯಲ್ಲಿ ಈ ಪೂಜೆಯ ಯಜಮಾನಿಕೆ ಕಸ ಗುಡಿಸುವ ಸಪ್ಪಲಮ್ಮನದು. ಡಾಕ್ಟರೂ ಅವಳ ಮುಂದೆ ಕೈ ಕಟ್ಟಿಕೊಂಡು ನಿಲ್ಲಬೇಕು. ಪ್ರತಿ ವರ್ಷ ಸರ್ವರ್ ಆರಿಸು ಅನ್ನುವಳು, ಪ್ರತಿ ವರ್ಷ ಕಲೈವಾಣಿ ಆಗದು ಅನ್ನುವಳು. ಈ ವರ್ಷ ಮುದುಕಿ ಬಾಗಿಲಿಗೆ ಅಡ್ಡ ನಿಂತೇ ಬಿಟ್ಟಳು.

"ರುಬ್ಬೋ ಕಲ್ಲಿಗೂ ಒಂದ್ ದಿನ ರಜ ಐತೆ. ಇದೊಂದು ಏನ್ ಪಾಪ ಮಾಡೈತೆ ಕಣಮ್ಮೀ? ಮೂರ್ ವರ್ಸದಿಂದ ಕಣ್ ಮುಚ್ಚಿಲ್ಲ. ಶಾಪ ತಟ್ಟುತೈತೆ, ಮಲಗಾಕ್ ಬುಡು."

ಸಾಯಂಕಾಲದ ಸರದಿ ಮುಗಿದಿತ್ತು. ಒಂದು ರಾತ್ರಿ ತಾನೇ ಅಂತ ಕಲೈವಾಣಿ ಸೋತು, ಯಂತ್ರ ಆರಿಸಿ ಪ್ಲಗ್ಗನ್ನೂ ಕಿತ್ತಳು. ಸಾವಿರಕ್ಕೂ ಮೇಲೆ ದಿನ ಒಂದೇ ಸಮನೆ ಓಡಿದ್ದ ಯಂತ್ರದ ಫ್ಯಾನು ನಿಧಾನವಾಗಿ ನಿಂತಿತು. ಆ ಕೋಣೆಯಲ್ಲಿ ಅಂಥ ಮೌನವನ್ನು ಅವಳು ಕೇಳಿಯೇ ಇರಲಿಲ್ಲ. ಸಪ್ಪಲಮ್ಮ ಅದರ ಹಣೆಗೆ ಕುಂಕುಮ ಇಟ್ಟು, ಒಂದು ನಿಂಬೆಹಣ್ಣು ಇಟ್ಟು ಹೋದಳು.

ಇಂಥ ಯಂತ್ರಗಳ ಎದೆಯಲ್ಲಿ ನಾಣ್ಯದಷ್ಟು ಒಂದು ಬ್ಯಾಟರಿ ಇರುತ್ತದೆ. ಕರೆಂಟು ಇಲ್ಲದಾಗ ಯಂತ್ರದ ನೆನಪು ಹಿಡಿದುಕೊಳ್ಳುವುದು ಅದೇ. ಆ ಬ್ಯಾಟರಿ ಯಾವತ್ತೋ ಸತ್ತಿತ್ತು, ಯಂತ್ರ ಆರದೇ ಇದ್ದುದರಿಂದ ಯಾರಿಗೂ ತಿಳಿದಿರಲಿಲ್ಲ. ಆ ಒಂದು ರಾತ್ರಿಯಲ್ಲಿ ಸರ್ವರು ಎಲ್ಲವನ್ನೂ ಮರೆತಿತು. ಯಾವ ಡಿಸ್ಕಿನಿಂದ ಏಳಬೇಕು ಅನ್ನುವುದನ್ನೂ ಮರೆತಿತು.

ಬೆಳಗ್ಗೆ ಏಳಕ್ಕೆ ಕಲೈವಾಣಿ ಪ್ಲಗ್ ಚುಚ್ಚಿ ಗುಂಡಿ ಒತ್ತಿದಳು. ಕಪ್ಪು ಪರದೆಯ ಮೇಲೆ ಬೂಟ್ ಲೋಡರಿನ ಪಟ್ಟಿ ಮೂಡಿತು. ಯಂತ್ರ ಏಳುವಾಗ ಯಾವ ಕರ್ನಲ್, ಅಂದರೆ ಯಾವ ಮೂಲ ಸಾಫ್ಟ್‌ವೇರು ಹಿಡಿದು ಏಳಲಿ ಅಂತ ಕೇಳುವ ಪಟ್ಟಿ ಅದು. ಅದರಲ್ಲಿದ್ದ ನಂಬರುಗಳೆಲ್ಲ ಹಳೆಯವು. ಹೊಸ ಕರ್ನಲ್ ಕೆಟ್ಟು ಹಳೆಯದು ಮಾತ್ರ ಉಳಿದಿದೆ ಅಂದುಕೊಂಡಳು. ಡಿಸ್ಕೇ ಬೇರೆ ಇರಬಹುದು ಅನ್ನುವುದು ಹೊಳೆಯಲಿಲ್ಲ. ಹದಿನಾರು ವರ್ಷದ ಅನುಭವ ಇದ್ದೂ ಹೊಳೆಯಲಿಲ್ಲ, ಹೊರಗೆ ಎಂಟು ಜನ ಕಾಯುತ್ತಿದ್ದರೆ ಯಾರಿಗೆ ತಾನೇ ಹೊಳೆದೀತು! ಯಂತ್ರವೇನೋ ಎದ್ದಿತು, ಒಳಗಿನದು ಮಾತ್ರ ಏಳಲೊಲ್ಲದು. ವರ್ಚುವಲೈಸೇಶನ್ ಆಫ್ ಆಗಿದೆ ಅಂತ ಒಂದು ಸಾಲು ಬಂತು. ಸೆಟ್ಟಿಂಗಿಗೆ ಹೋಗಿ ಅದನ್ನು ಆನ್ ಮಾಡಿ, ಮತ್ತೆ ಎಬ್ಬಿಸಿದಳು. ಈ ಸಲ ಒಳಗಿನ ಯಂತ್ರವೂ ಎದ್ದಿತು. ಅಬ್ಬಾ ಅಂತ ಉಸಿರು ಬಿಟ್ಟಳು.

ಆಗ ಹಾಲ್‌ನ ಕಡೆಯಿಂದ ಅಪ್ಪ ಕೂಗಿದ.

"ಪುಟ್ಟಪ್ಪಾ! ಒಂದ್ನೇ ಕುರ್ಚಿ! ಎದ್ದ್ ಬಾರಪ್ಪಾ, ಸರದಿ ಬಂತು!"

ಪುಟ್ಟಪ್ಪ ಸತ್ತು ಎರಡು ವರ್ಷ ಆಗಿತ್ತು. "ಪಾಪಣ್ಣಾ! ಎರಡ್ನೇ ಕುರ್ಚಿ!" ಪಾಪಣ್ಣನೂ ಇಲ್ಲ. "ಮುನಿಲಕ್ಷ್ಮಮ್ಮಾ! ಮೆಲ್ಲುಕ್ ಬಾರವ್ವ!" ಅವಳೂ ಇಲ್ಲ. ಹಾಲಿನಲ್ಲಿ ಕೂತಿದ್ದ ಯಾರೋ ತಮಿಳಿನಲ್ಲಿ ಸ್ವಾಮಿಯ ಹೆಸರು ಹೇಳಿಕೊಳ್ಳುತ್ತಿದ್ದರು.

ಏನಾಗಿದೆ ಅನ್ನುವುದು ಅವಳಿಗೆ ಆಗ ತಿಳಿಯಿತು. ಎದ್ದಿರುವುದು ಹಳೆಯ ಡಿಸ್ಕು. ಮೂರು ವರ್ಷದ ಹಿಂದೆ ಎಲ್ಲಿ ಕೆಲಸ ಬಿಟ್ಟಿತ್ತೋ ಅಲ್ಲಿಂದಲೇ ಮುಂದುವರಿಸುತ್ತಿದೆ, ನಡುವೆ ಯಾರೂ ಸತ್ತಿಲ್ಲ ಅಂದುಕೊಂಡು. ತಿಳಿದರೂ ಆರಿಸಲಿಲ್ಲ. ಹತ್ತು ನಿಮಿಷ ಹಾಗೇ ಕೇಳುತ್ತ ಕೂತಳು. ತಪ್ಪು, ತಪ್ಪು ಅಂತ ನಾವು ಹೇಳಬಹುದು, ಕೇಳಿದವಳು ಮಗಳು.

ಹತ್ತು ನಿಮಿಷಕ್ಕೆ ಸರಿಯಾಗಿ ಯಂತ್ರ ಫೋನ್ ಮಾಡಲು ಶುರುಮಾಡಿತು. ಒಂದು, ಎರಡು, ಮೂರು. ನಾಲ್ಕನೆಯದಕ್ಕೆ ಅವಳ ಕೈಚೀಲದೊಳಗೆ ಫೋನು ಗುಂಯ್‌ಗುಟ್ಟಿತು. ಅಪ್ಪನ ಹೆಸರಿಗೆ ಅವಳು ಕೊಟ್ಟಿದ್ದು ತನ್ನ ನಂಬರನ್ನೇ. ತೆಗೆದು ಕಿವಿಗಿಟ್ಟಳು.

"ಸಿದ್ದಪ್ಪಾ! ಯಾಕಪ್ಪಾ ಇನ್ನೂ ಬಂದಿಲ್ಲ? ಕುರ್ಚಿ ಕಾಯ್ತಾ ಐತೆ. ಬತ್ತೀಯೋ ಇಲ್ವೋ, ಒಂದ್ ಮಾತ್ ಯೋಳು!"

ಆ ಕೊನೆಯ ನಗು ಕೂಡ ಇತ್ತು. ಸತ್ತವನು ತನ್ನನ್ನೇ ಕರೆದು, ಯಾಕೆ ಬಂದಿಲ್ಲ ಅಂತ ಕೇಳುತ್ತಿದ್ದ. ಕಲೈವಾಣಿ ಅಯ್ಯೋ ಅಪ್ಪಾ ಅಂದು ಎದ್ದವಳೇ ಫೋನಿನ ಮೋಡೆಮ್ಮಿನ ವೈರನ್ನು ಕಿತ್ತಳು. ಉಳಿದ ನಾಲ್ಕು ಮನೆಗಳಿಗಾದರೂ ಈ ಕರೆ ಹೋಗದಿರಲಿ.

ಆಗಲೇ ಡಿಸ್ಕು ಟಕ್, ಟಕ್ ಅನ್ನುತ್ತಿರುವುದು ಕೇಳಿಸಿತು. ಆ ಸದ್ದು ಗೊತ್ತಿಲ್ಲದವಳೇ ಅವಳು? ಇನ್ನೊಂದು ಸಲ ನಿಂತರೆ ಈ ಡಿಸ್ಕು ಮತ್ತೆ ತಿರುಗುವುದಿಲ್ಲ. ಪೆನ್ ಡ್ರೈವ್ ಚುಚ್ಚಿ, ಅಪ್ಪನ ಧ್ವನಿಗಳಿದ್ದ ಫೋಲ್ಡರನ್ನು ಅದಕ್ಕೆ ಹಾಕಿದಳು. ಓದಲಾರದೆ ಡಿಸ್ಕು ಒದ್ದಾಡುತ್ತಿತ್ತು. ಮೂರು ಪರ್ಸೆಂಟು. ಐದು ಪರ್ಸೆಂಟು. ಒಂದು ಗಂಟೆ ಕೊಟ್ಟರೆ ಬಂದೀತು. ಒಂದು ಗಂಟೆ ಸಾಕಿತ್ತು ಅವಳಿಗೆ.

ನರ್ಸ್ ಮಾಲತಿ ಓಡಿಬಂದಳು. "ಅಕ್ಕಾ, ಸೀಕ್ಕಿರಂ, ಬೇಗ್ ಬಾ! ಮೇನಕಾ ಟೀಚರ್‌ಗೆ ಉಸುರು ತಗಳಾಕಾಯ್ತಿಲ್ಲ. ನಿನ್ನೆ ಮೊನ್ನೆ ಹಬ್ಬ ಅಂತ ನೀರು ಜಾಸ್ತಿ ಕುಡ್ದವ್ರೆ. ಸಿಸ್ಟಮ್ ತೋರ್ಸೋ ಲಿಸ್ಟಲ್ಲಿ ಅವರ ಹೆಸರೇ ಇಲ್ಲ. ಮದ್ದು ಎಷ್ಟಾಕದು, ನೀರೆಷ್ಟ್ ತೆಗಿಯದು? ಹೋದ್ ವಾರ ತಾನೇ ಡಾಕ್ಟರ್ ಮಾರ್ಸವ್ರೆ, ನಂಗೆ ನೆಪ್ಪಿಲ್ಲ!"

"ಡಾಕ್ಟರ್ ಎಲ್ಲವ್ರೆ?"

"ಸೇಲಂನಾಗೆ. ಫೋನ್ ಎತ್ತಾ ಇಲ್ಲಕ್ಕಾ."

ಮೇನಕಾ ಎರಡು ಮಕ್ಕಳ ತಾಯಿ, ಹಳ್ಳಿಯ ಶಾಲೆಯ ಟೀಚರು. ಬಾಗಿಲಿನಾಚೆ ಅವಳ ಉಸಿರಿನ ಸದ್ದು ಇಲ್ಲಿಗೇ ಕೇಳುತ್ತಿತ್ತು, ಗೊರ ಗೊರ ಅಂತ. ಪರದೆಯ ಮೇಲೆ ಏಳು ಪರ್ಸೆಂಟು. ಸ್ಪೀಕರಿನಲ್ಲಿ ಅಪ್ಪ ಎರಡನೇ ಸುತ್ತು ಶುರುಮಾಡಿದ್ದ, ಪುಟ್ಟಪ್ಪಾ, ಎದ್ದ್ ಬಾರಪ್ಪಾ. ಕಲೈವಾಣಿಗೆ ಅಳು ಬಂತು, ಸಿಟ್ಟು ಬಂತು, ಅಪ್ಪನ ಮೇಲೆ, ಸಪ್ಪಲಮ್ಮನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಮೂರು ವರ್ಷ ಸುಮ್ಮನಿದ್ದ ತನ್ನ ಮೇಲೆ. ಯಾವತ್ತು ಬೇಕಾದರೂ ಇದನ್ನು ಉಳಿಸಿಕೊಳ್ಳಬಹುದಿತ್ತು.

"ಒಸಿ ಸುಮ್ಕಿರಪ್ಪಾ," ಅಂದು ಗುಂಡಿ ಒತ್ತಿ ಹಿಡಿದಳು. ಧ್ವನಿ ಹೆಸರಿನ ನಡುವೆಯೇ ಕಡಿಯಿತು.

ಹಳೆಯ ಡಿಸ್ಕಿನ ವೈರು ಕಿತ್ತು ಮೇಜಿನ ಮೇಲಿಟ್ಟಳು. ಯಂತ್ರ ಈಗ ಹೊಸ ಡಿಸ್ಕನ್ನು ಹುಡುಕಿಕೊಂಡು ಎದ್ದಿತು, ಒಳಗಿನದೂ ಎದ್ದಿತು, ಮೇನಕಾಳ ಹೆಸರು ಬಂತು, ಮದ್ದಿನ ಅಳತೆ ಬಂತು. ಗೋಡೆಯ ಗಡಿಯಾರದಲ್ಲಿ ಎಂಟು ಗಂಟೆ. ಎಂಟೂವರೆಗೆ ಟೀಚರಮ್ಮನ ಉಸಿರು ತಹಬಂದಿಗೆ ಬಂತು. ಮಾಲತಿ ಬಂದು ಕಲೈವಾಣಿಯ ಕೈ ಹಿಡಿದು ಒತ್ತಿ ಹೋದಳು.

ಆಮೇಲೆ ಹಳೆಯ ಡಿಸ್ಕಿಗೆ ಬೇರೆ ಕಂಪ್ಯೂಟರಿನಲ್ಲಿ ಕರೆಂಟು ಕೊಟ್ಟು ನೋಡಿದಳು. ಟಕ್ ಅನ್ನುವ ಸದ್ದೂ ಇಲ್ಲ. ಪೆನ್ ಡ್ರೈವಿನಲ್ಲಿ ಹೆಸರುಗಳಿದ್ದವು, ಪುಟ್ಟಪ್ಪ, ಪಾಪಣ್ಣ, ಎಲ್ಲ ಇದ್ದರು. ತೆರೆದರೆ ಒಳಗೆ ಏನೂ ಇಲ್ಲ, ಎಲ್ಲವೂ ಸೊನ್ನೆ.

ಹನ್ನೊಂದು ಗಂಟೆಯ ಹೊತ್ತಿಗೆ ಅವರು ಬರತೊಡಗಿದರು. ಮೊದಲು ಪಾಪಣ್ಣನ ಸೊಸೆ, ಆಮೇಲೆ ಮುನಿಲಕ್ಷ್ಮಮ್ಮನ ತಮ್ಮ, ಆಮೇಲೆ ಪುಟ್ಟಪ್ಪನ ಹೆಂಡತಿ. ಕೈಯಲ್ಲಿ ಸತ್ತವರ ಆಸ್ಪತ್ರೆ ಕಾರ್ಡು. ಮಾಲತಿಯ ಮೇಜಿನ ಮುಂದೆ ಒಬ್ಬರ ಹಿಂದೊಬ್ಬರು ನಿಂತರು. ಈ ವಿಭಾಗದಲ್ಲಿ ಒಂದು ಕಟ್ಟಳೆ ಇದೆ. ಸರದಿಗೆ ಬರಲಾಗದವರು ಮನೆಯವರನ್ನಾದರೂ ಕಳಿಸಿ ಹೇಳಬೇಕು, ಯಾಕಂದರೆ ಆ ಕುರ್ಚಿಗೆ ಹೊರಗೆ ಇನ್ನೊಬ್ಬರು ಕಾಯುತ್ತಿರುತ್ತಾರೆ. ಕರೆ ಬಂದಮೇಲೆ ಹೇಳದೆ ಕೂರಲು ಇವರ ಮನಸ್ಸು ಒಪ್ಪಿರಲಿಲ್ಲ. ಬೈಯಲು ಬಂದಿದ್ದಾರೆ ಅಂದುಕೊಂಡು ಕಲೈವಾಣಿ ಕೈ ಮುಗಿದು ನಿಂತಿದ್ದಳು, ಯಾರೂ ಬೈಯಲಿಲ್ಲ.

ಮೂವರ ಹಿಂದೆ ಕೋಲೂರಿಕೊಂಡು ಪೆದ್ದಮ್ಮ ನಿಂತಿದ್ದಳು. ಏಳನೇ ಕುರ್ಚಿಯ ಪಳನಿಯ ಹೆಂಡತಿ.

"ಅವ್ವಾ, ನೀವ್ಯಾಕ್ ಬಂದ್ರಿ?"

"ನಿಮ್ಮಪ್ಪ ಪೋನ್ ಮಾಡಿದ್ನಲ್ಲ ಕಣ್ ಮಗಾ. ಪಳನೀ ಯಾಕಪ್ಪಾ ಬಂದಿಲ್ಲ, ಕುರ್ಚಿ ಕಾಯ್ತಾ ಐತೆ ಅಂದ. ಅವರು ಓದ ಆಡಿ ತಿಂಗ್ಳಲ್ಲೇ ತೀರೋದ್ರು, ಅದ ಯೋಳಾಕ್ ಬಂದೆ. ಪಾಪ, ಬ್ಯಾರೆಯೋರಿಗ್ ಕೊಡ್ಲಿ."

"ಎಷ್ಟೊತ್ತಿಗವ್ವಾ ಪೋನ್ ಬಂದಿದ್ದು?"

"ಆಲಿನ್ ಗಾಡಿ ಓದ್ಮ್ಯಾಕೆ. ಒಂಬತ್ತಾಗಿತ್ತೇನೋ."

ಕರೆಗಳು ನಾಲ್ಕನೇ ಕುರ್ಚಿಗೇ ನಿಂತಿದ್ದವು, ಒಂಬತ್ತಕ್ಕೆ ಆ ಡಿಸ್ಕು ಮೇಜಿನ ಮೇಲೆ ಕರೆಂಟಿಲ್ಲದೆ ಬಿದ್ದಿತ್ತು. ಫೋನಿನ ವೈರು ಈಗಲೂ ಕಿತ್ತಂತೆಯೇ ನೇತಾಡುತ್ತಿದೆ. ಪೆದ್ದಮ್ಮ ತನ್ನ ಗುಂಡಿ ಫೋನನ್ನು ಮುಂದೆ ಚಾಚಿದಳು, ಬೇಕಾದರೆ ನೋಡಿಕೋ ಅನ್ನುವಂತೆ. ಕಲೈವಾಣಿ ತೆಗೆದುಕೊಂಡಳು. ಒಂದು ಗುಂಡಿ ಒತ್ತಿದರೆ ಕರೆ ಬಂದಿತ್ತೋ ಇಲ್ಲವೋ, ಯಾವ ನಂಬರಿನಿಂದ, ಎಷ್ಟು ಹೊತ್ತಿಗೆ, ಎಲ್ಲ ತಿಳಿಯುತ್ತಿತ್ತು. ಹದಿನಾರು ವರ್ಷ ಅವಳು ಮಾಡಿದ್ದು ಅದನ್ನೇ, ಏನಾಯಿತು ಅಂತ ಬಗೆದು ನೋಡುವುದು. ಅವಳು ಒತ್ತಲಿಲ್ಲ. ಫೋನನ್ನು ಮುದುಕಿಯ ಕೈಗೇ ಕೊಟ್ಟಳು.

"ದನಿ ಎಂಗಿತ್ತವ್ವಾ?"

"ಎಂಗಿರ್ತದೆ? ಸಂತೇಲ್ ಕೂಗ್ದಂಗೇ ಇತ್ತು," ಅಂದು ಪೆದ್ದಮ್ಮ ಬೊಚ್ಚುಬಾಯಲ್ಲಿ ನಕ್ಕಳು.

ಪೆದ್ದಮ್ಮ ಹೇಳಿ ಮುಗಿಸಿ ಪಕ್ಕಕ್ಕೆ ಸರಿದಳು. ಮಾಲತಿ ಇನ್ನೂ ಯಾರಾದರೂ ಇದ್ದಾರೆಯೇ ಅಂತ ತಲೆ ಎತ್ತಿದಳು. ಸಾಲಿನ ಕೊನೆಯಲ್ಲಿ ಕಲೈವಾಣಿ ನಿಂತಿದ್ದಳು. ಅವಳ ಬಳಿ ಕಾರ್ಡು ಇರಲಿಲ್ಲ.

"ನಾಕ್ನೇ ಕುರ್ಚಿ," ಅಂದಳು. ಮತ್ತೆ ಗಟ್ಟಿಯಾಗಿ, ಹಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದಳು. "ನಾಕ್ನೇ ಕುರ್ಚಿ ಸಿದ್ದಪ್ಪ ಇನ್ ಬರಾಕಿಲ್ಲ. ಬ್ಯಾರೆಯೋರಿಗ್ ಕೊಡಿ."

ಮಾಲತಿ ಪೆನ್ನು ತೆಗೆದುಕೊಂಡು, ಮಿಕ್ಕವರ ಹೆಸರಿನ ಕೆಳಗೆ ಆ ಹೆಸರನ್ನೂ ಬರೆದುಕೊಂಡಳು.