ಇಲಿ ಬಿದ್ದ ಮನೆ

ನಮ್ಮ ಪಕ್ಕದ ಮನೆಯ ಅಕ್ಕಸಾಲಿ ಆಚಾರ್ರಿಗೆ ಹುಬ್ಬು ಇದ್ದದ್ದು ಒಂದೇ. ಬಲಗಡೆಯದು ಎಂದೋ ಒಲೆಯ ಉರಿಗೆ ಸುಟ್ಟುಹೋಗಿ ಮತ್ತೆ ಬೆಳೆದಿರಲಿಲ್ಲ. ಹೀಗಾಗಿ ಅವರ ಮುಖದ ಒಂದು ಪಾಲು ಯಾವಾಗಲೂ ಬೆರಗಾದಂತೆ, ಇನ್ನೊಂದು ಪಾಲು ಸಿಟ್ಟಾದಂತೆ ಕಾಣುತ್ತಿತ್ತು. ನಲವತ್ತು ವರ್ಷ ಊದುಗೊಳವೆ ಊದಿ ಕೆನ್ನೆಗಳು ಜೋತುಬಿದ್ದಿದ್ದವು. ಆ ಕೆನ್ನೆಯ ಪಕ್ಕದಲ್ಲೇ, ಹೆಗಲ ಮೇಲಿನ ಟವಲಿನ ಮಡಿಕೆಯಿಂದ ಒಂದು ಬಿಳಿ ಇಲಿ ಮೂತಿ ಹೊರಹಾಕಿ ನನ್ನನ್ನು ನೋಡಿದಾಗ ನಾನು ಕಿರುಚಿದ ಕಿರುಚಿಗೆ ಬೀದಿಯವರೆಲ್ಲ ಬಾಗಿಲಿಗೆ ಬಂದರು.

ಎರಡನೇ ಮಹಾಯುದ್ಧ ಶುರುವಾಗುವ ಮುಂಚಿನ ಮಾತಿದು. ಅರಕಲಗೂಡಿನ ಕಡೆಯ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆಂದು ಹೊಳೆನರಸೀಪುರದ ತವರಿಗೆ ಬಂದಿದ್ದೆ. ಆಗ ಇಲಿಯೆಂದರೆ ನಮಗೆ ಪ್ಲೇಗು, ಅಷ್ಟೇ. ಯಾರ ಮನೆಯಲ್ಲಾದರೂ ಇಲಿ ತಾನೇ ತಾನಾಗಿ ಸತ್ತರೆ 'ಸತ್ತಿತು' ಎನ್ನುತ್ತಿರಲಿಲ್ಲ, 'ಇಲಿ ಬಿತ್ತು' ಎನ್ನುತ್ತಿದ್ದರು. ಆ ಎರಡು ಮಾತು ಕಿವಿಗೆ ಬಿದ್ದರೆ ಸಾಕು, ಬೀದಿಗೆ ಬೀದಿಯೇ ಪಾತ್ರೆಪಡಗ ಗಾಡಿಗೆ ಹೇರಿಕೊಂಡು ಊರಾಚೆ ಹೋಗಿ ತೆಂಗಿನ ಗರಿಯ ಗುಡಿಸಲಿನಲ್ಲಿ ತಿಂಗಳುಗಟ್ಟಲೆ ಕೂರಬೇಕು. ಇಂಥ ಊರಿನಲ್ಲಿ ಇಲಿಯನ್ನು ಹೆಗಲ ಮೇಲೆ ಹೊತ್ತು ತಿರುಗುವ ಮನುಷ್ಯನಿಗೆ ಏನನ್ನಬೇಕು? ನಾನಂತೂ ಬಾಯಿಗೆ ಬಂದದ್ದನ್ನೆಲ್ಲ ಅಂದೆ.

ಅವರು ನಕ್ಕರು. "ಬಯ್ಯಿ ಕೂಸೇ, ಬಯ್ಯಿ. ಕಿವಿ ಚುಚ್ಚಿದಾಗ್ಲೂ ಇಂಗೇ ಬಯ್ದಿದ್ದೆ ನೀನು" ಅಂದರು. ನನ್ನ ಕಿವಿ ಚುಚ್ಚಿದವರು ಅವರೇ, ತಾಳಿ ಮಾಡಿದವರೂ ಅವರೇ. ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳನ್ನು ಚನ್ನರಾಯಪಟ್ಟಣಕ್ಕೆ ಕೊಟ್ಟಿದ್ದರು. ಮೂರು ವರ್ಷದ ಹಿಂದೆ ಕೆಲಸದ ಮೇಲೆ ಮೈಸೂರಿಗೆ ಹೋದಾಗ ಯಾರೋ ಸೈನ್ಸ್ ಮೇಷ್ಟರ ಕನ್ನಡಕದ ಕಡ್ಡಿ ಬೆಸೆದುಕೊಟ್ಟರಂತೆ. ಮೇಷ್ಟರ ಮೇಜಿನ ಮೇಲೆ ಕುಯ್ಯುವುದಕ್ಕೆಂದು ಇಟ್ಟಿದ್ದ ಈ ಇಲಿಮರಿ ಇವರ ಬೆರಳನ್ನು ಹಿಡಿದುಕೊಂಡಿತಂತೆ. "ಕೂಲಿ ಬ್ಯಾಡ ಸಾ, ಇದ್ನ ಕೊಟ್ಬುಡಿ" ಎಂದು ಕೇಳಿ ತಂದದ್ದು. ಈಗ ಅದಕ್ಕೆ ಮುಪ್ಪು. ಅದರ ಹೆಸರೂ 'ಮುದ್ಕಿ'.

ಆ ಮುದುಕಿಯ ಆರೈಕೆಯನ್ನು ನೋಡಿ ನನಗೆ ಮೊದಮೊದಲು ಅಸಹ್ಯ, ಆಮೇಲೆ ಆಶ್ಚರ್ಯ. ಅದಕ್ಕೆ ಹಿತ್ತಾಳೆ ತಂತಿ ಹೆಣೆದು ಪಂಜರ ಮಾಡಿದ್ದರು. ಹಾಸಿಗೆಗೆ ಬೂರುಗದ ಹತ್ತಿ. ಮುಂದಿನ ಹಲ್ಲು ಬೆಳೆದು ಬಾಯಿ ಮುಚ್ಚಲಾಗದೆ ಹೋದಾಗ ಒಡವೆ ಕತ್ತರಿಸುವ ಸಣ್ಣ ಕತ್ತರಿಯಿಂದ ತುದಿ ತೆಗೆಯುತ್ತಿದ್ದರು. ಗಟ್ಟಿ ಕಾಳು ಅಗಿಯಲಾರದೆ ಹೋದಮೇಲೆ ರಾಗಿ ಅಂಬಲಿಯನ್ನು ಬೆರಳ ತುದಿಯಲ್ಲಿ ನೆಕ್ಕಿಸುತ್ತಿದ್ದರು. ಪ್ರತಿ ಸೋಮವಾರ ಬೆಳಿಗ್ಗೆ ಬೆಳ್ಳಿ ತೂಗುವ ತಕ್ಕಡಿಯಲ್ಲಿ ಅದನ್ನು ಕೂರಿಸಿ, ಎಷ್ಟು ತೊಲ ಎಂದು ನೋಡಿ ಗೋಡೆಯ ಮೇಲೆ ಇದ್ದಿಲಿನಿಂದ ಬರೆಯುತ್ತಿದ್ದರು. ಒಂದು ಕಾಲದಲ್ಲಿ ಇಪ್ಪತ್ತಾರು ತೊಲ ಇದ್ದದ್ದು ನಾನು ಬಂದಾಗ ಇಪ್ಪತ್ತೆರಡಕ್ಕೆ ಇಳಿದಿತ್ತು. ಹೊಟ್ಟೆಯ ಕೆಳಗೆ ಅಡಿಕೆ ಗಾತ್ರದ ಒಂದು ಗಂಟು. ಅದು ಎಷ್ಟು ಬೆಳೆದಿದೆ ಎಂದು ಬೆರಳಿನಲ್ಲೇ ಅಳೆದು ನೋಡುತ್ತಿದ್ದರು. ಕೊನೆಗೆ ಇಲಿಯ ಎದೆಗೆ ಕಿವಿ ಕೊಟ್ಟು ಉಸಿರು ಕೇಳುವುದು. ಆಗ ಬೀದಿಯಲ್ಲಿ ಯಾರಾದರೂ ಮಾತಾಡಿದರೆ ಕೈಯೆತ್ತಿ ಸುಮ್ಮನಿರಿಸುತ್ತಿದ್ದರು.

"ಮನ್ಸರ್ಗೇ ಇಷ್ಟು ಯಾರೂ ಮಾಡಲ್ಲ ಆಚಾರ್ರೇ" ಎಂದೆ ಒಂದು ದಿನ.

"ಮನ್ಸ ಆದ್ರೆ ಬಾಯ್ಬಿಟ್ಟು ಯೋಳ್ತಾನೆ ಕಣ್ ಕೂಸೇ. ಇದು ಯೋಳಕ್ಕಾಗಲ್ವಲ್ಲ. ಅದ್ಕೇ ದಿನಾ ನೋಡ್ಬೇಕು. ದಿನಾ ನೋಡ್ದೋನ್ಗೆ ಸುಳ್ಳು ಯಾವ್ದು ನಿಜ ಯಾವ್ದು ಗೊತ್ತಾಯ್ತದೆ."

ಕಾರ್ತಿಕ ಮಾಸದಲ್ಲಿ ಒಂದು ಗಲಾಟೆಯಾಯಿತು. ಇಲಿಯ ಕಣ್ಣಿಂದ ಕೆಂಪು ನೀರು ಸೋರಿದ್ದನ್ನು ಎದುರು ಮನೆಯವರು ನೋಡಿ, ರಕ್ತ, ಪ್ಲೇಗು ಎಂದು ಕೂಗಿಬಿಟ್ಟರು. ಹತ್ತಾರು ಜನ ಬಡಿಗೆ ಹಿಡಿದು ಬಂದರು. ಅವರಲ್ಲಿ ನನ್ನ ಅಪ್ಪನೂ ಒಬ್ಬರು. ಆಚಾರ್ರು ಪಂಜರ ತಂದು ಜಗಲಿಯ ಮೇಲಿಟ್ಟು ಅದರ ಪಕ್ಕ ತಾವೂ ಕುಳಿತರು. "ಇದು ಮುಪ್ಪಿನ ಕಣ್ಣೀರು ಕಣ್ರಪ್ಪಾ, ನೆತ್ರು ಅಲ್ಲ. ಮೂರ್ ದಿನ ನೋಡಿ. ಸತ್ರೆ ನಾನೇ ಮನೆಗೆ ಬೆಂಕಿ ಇಡ್ತೀನಿ" ಎಂದರು. ಮೂರನೆಯ ದಿನ ಮುದುಕಿ ಎಲ್ಲರೆದುರು ನೆನೆಸಿದ ಕಡಲೆಬೇಳೆ ತಿಂದಳು. ಜನ ನಕ್ಕು ಮನೆಗೆ ಹೋದರು. ಆಮೇಲಿಂದ ಆ ಇಲಿಗೆ ಏನೇ ಆದರೂ 'ಮುದಿ ಇಲಿ, ಇನ್ನೇನು' ಎನ್ನುವುದು ಬೀದಿಗೆಲ್ಲ ರೂಢಿಯಾಯಿತು. ನಾನೂ ಹೆದರಿಕೆ ಬಿಟ್ಟು ಹತ್ತಿರ ಹೋಗಿ ಕೂರತೊಡಗಿದೆ. ಚಳಿ ಹೆಚ್ಚಾದಾಗ ಪಂಜರಕ್ಕೆ ಹೊದಿಸುವುದಕ್ಕೆ ಏನಾದರೂ ಕೊಡು ಎಂದು ಅವರು ಕೇಳಿದರು. ಅಪ್ಪನ ಕೊಬ್ಬರಿ ಮಂಡಿ ನಮ್ಮ ಮನೆಗೆ ಅಂಟಿಕೊಂಡೇ ಇತ್ತು. ಅಲ್ಲಿಂದ ಒಂದು ಗೋಣಿತಾಟು ತಂದು ಕೊಟ್ಟೆ.

ಅದಾದ ನಾಲ್ಕನೆಯ ದಿನ ಬೆಳಿಗ್ಗೆ ಆಚಾರ್ರು ನಮ್ಮ ಮನೆಯ ಮುಂದೆ ಬಂದು ನಿಂತರು. ಎಂದಿನಂತೆ ಜಗಲಿ ಹತ್ತಲಿಲ್ಲ. ಬೀದಿಯ ನಡುವೆಯೇ ನಿಂತಿದ್ದರು. ಚಿಗಟ ಹತ್ತದಿರಲೆಂದು ಬಳಿದುಕೊಂಡ ಸೀಮೆಎಣ್ಣೆಯ ವಾಸನೆ ಮೈಯಿಂದ ಬರುತ್ತಿತ್ತು.

"ಸಾವ್ಕಾರ್ರೇ, ಮುದ್ಕಿ ಓದ್ಲು" ಎಂದರು ಅಪ್ಪನಿಗೆ.

"ವಯಸ್ಸಾಗಿತ್ತು ಬುಡಿ ಆಚಾರ್ರೇ."

"ವಯಸ್ಸಿಗೆ ಓಗ್ಲಿಲ್ಲ. ಸೋಮ್ವಾರ ಇಪ್ಪತ್ತೆರಡು ತೊಲ, ಇವತ್ತೂ ಇಪ್ಪತ್ತೆರಡೇ. ವಯಸ್ಸಿಗೆ ಓಗೋದಾದ್ರೆ ಕರಗ್ ಕರಗಿ ಓಗ್ಬೇಕಿತ್ತು. ರಾತ್ರಿ ಮೈ ಕೆಂಡ ಆಗಿತ್ತು. ಕತ್ತಿನ್ ತಾವ ಒಸಾ ಗಂಟು ಎದ್ದೈತೆ." ಮಂಡಿಯ ಬಾಗಿಲ ಕಡೆ ನೋಡಿ ಕೇಳಿದರು: "ಮಂಡೀಲಿ ಏನಾರ ಬಿದ್ದೈತಾ ಸಾವ್ಕಾರ್ರೇ?"

ಅಪ್ಪ ಕೊರಳಿನ ಲಿಂಗವನ್ನು ಕೈಯಲ್ಲಿ ಹಿಡಿದರು. "ಲಿಂಗ ಮುಟ್ಟಿ ಯೋಳ್ತೀನಿ, ಒಂದೂ ಬಿದ್ದಿಲ್ಲ. ನಿಮ್ದು ಮುದಿ ಇಲಿ. ನೀವೇ ಅಲ್ವಾ ಊರಿಗೆಲ್ಲ ಯೋಳ್ಕೊಂಡ್ ಬಂದೋರು?"

ಆಚಾರ್ರು ಹಿಂದಿರುಗಿದರು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ತಿರುಗಿ ನೋಡಿದರೆ ಒಳಗೆ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿದ್ದಳು. ಹೋಗಿ ಅವಳ ತೋಳು ಹಿಡಿದು ಏನೆಂದು ಕೇಳಿದೆ. ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ನಾನು ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕುಕ್ಕರಿಸಿದಾಗ ಹೇಳಿದಳು. ಐದು ದಿನದ ಹಿಂದೆ ಮಂಡಿಯಲ್ಲಿ ಒಂಬತ್ತು ಇಲಿ ಬಿದ್ದಿದ್ದವು. ಅಪ್ಪ ತಾವೇ ಅವನ್ನು ಚೀಲಕ್ಕೆ ತುಂಬಿ ಕಲ್ಲು ಕಟ್ಟಿ ಹೇಮಾವತಿಗೆ ಹಾಕಿ ಬಂದಿದ್ದರು.

"ನಿನ್ ಸಲ್ವಾಗಿ ಕಣವ್ವಾ" ಎಂದಳು ಅವ್ವ. "ಈ ಚಳೀಲಿ ದಿನ ತುಂಬ್ದೋಳ್ನ ಗುಡಿಸ್ಲಿಗೆ ಎಂಗ್ ಕರ್ಕೊಂಡೋಗದು ಅಂದ್ರು. ಮಂಡಿ ತುಂಬ ಕೊಬ್ರಿ ಬೇರೆ."

ಲಿಂಗ ಮುಟ್ಟಿ ಸುಳ್ಳು ಹೇಳಿದ್ದು ನನ್ನ ಅಪ್ಪ! ಆ ಐದು ದಿನವೂ ನಾನು ಮಲಗಿದ್ದು ಮಂಡಿಯ ಗೋಡೆಗೆ ಹೊಂದಿಕೊಂಡ ಕೋಣೆಯಲ್ಲಿ. ಆಗ ಇನ್ನೊಂದು ನೆನಪಾಯಿತು. ಆ ಗೋಣಿತಾಟನ್ನು ನಾನು ತಂದು ಕೊಟ್ಟದ್ದು ಇಲಿ ಬಿದ್ದ ಮಾರನೆಯ ದಿನ.

ಹಿತ್ತಲಿಗೆ ಹೋದೆ. ನಮಗೂ ಆಚಾರ್ರಿಗೂ ನಡುವೆ ಮೋಟುಗೋಡೆ. ಅವರು ಆ ಕಡೆ ತಾಟು, ಹತ್ತಿ ಎಲ್ಲವನ್ನೂ ಸುಡುತ್ತಿದ್ದರು. "ಹತ್ರ ಬರ್ಬ್ಯಾಡ" ಎಂದು ಕೂಗಿದರು. ನಿಂತಲ್ಲಿಂದಲೇ ಎಲ್ಲ ಹೇಳಿದೆ. ಒಂಬತ್ತು ಇಲಿ, ಚೀಲ, ಹೊಳೆ ಎಲ್ಲವನ್ನೂ ಹೇಳಿ, "ತಾಟು ಕೊಟ್ಟೋಳು ನಾನು ಆಚಾರ್ರೇ" ಎಂದು ಅತ್ತೆ.

ಅವರು ನನ್ನನ್ನೇ ನೋಡಿದರು. "ಬೆಚ್ಗಿರ್ಲಿ ಅಂತ ಕೊಟ್ಟೆ. ಅದ್ರಲ್ಲಿ ಏನೈತೆ" ಎಂದರು. ಆಮೇಲೆ, "ನೀ ಏನೂ ಯೋಳಿಲ್ಲ, ನಾ ಏನೂ ಕೇಳಿಲ್ಲ. ಓಗಿ ಬಟ್ಟೆ ಗಂಟು ಕಟ್ಟು" ಎಂದರು.

ಆಚಾರ್ರು ಸೀದಾ ಪುರಸಭೆಗೆ ಹೋಗಿ ಆರೋಗ್ಯದ ಇನ್ಸ್‌ಪೆಕ್ಟರ ಮುಂದೆ ನಿಂತು, ತಮ್ಮ ಮನೆಯಲ್ಲಿ ಇಲಿ ಬಿದ್ದಿದೆ ಎಂದು ಬರೆಸಿದರು. ಸಾಕಿದ ಇಲಿಯನ್ನು ಡಬ್ಬಿಯಲ್ಲಿಟ್ಟು ಸಾಕ್ಷಿಗೆ ಒಯ್ದಿದ್ದರು. ಬೇರೆ ಯಾರ ಮನೆಯಲ್ಲಾದರೂ ಬಿದ್ದಿದೆಯೇ ಎಂದು ಕೇಳಿದ್ದಕ್ಕೆ, ಗೊತ್ತಿಲ್ಲ ಸಾ, ನನ್ನಲ್ಲೇ ಮೊದಲು ಎಂದರಂತೆ. ಸಂಜೆಯೊಳಗೆ ಬೀದಿ ಖಾಲಿಯಾಯಿತು. ಜನ ಗಾಡಿ ಹೂಡುತ್ತ ಆಚಾರ್ರ ಮನೆಯ ಮುಂದೆ ಉಗಿದು ಹೋದರು. ಮೈಸೂರಿಂದ ಮಾರಿಯನ್ನು ತಂದು ಸಾಕಿದ ಎಂದರು. ಒಬ್ಬ ಅವರ ಅಗ್ಗಿಷ್ಟಿಕೆಯನ್ನು ಒದ್ದು ಒಡೆದ. ಅಪ್ಪ ಗಾಡಿಯ ಮೇಲೆ ಹಾಸಿಗೆ ಸರಿಮಾಡುತ್ತಿದ್ದರು. ಎಲ್ಲವೂ ಅವರ ಕಿವಿಗೆ ಬಿತ್ತು. ಹಾಸಿಗೆಯ ಮೂಲೆ ಎಳೆದು ಮತ್ತೆ ಸರಿಮಾಡಿದರು.

ಹೊರಡುವ ಮುಂಚೆ ನಾನು ಮತ್ತೆ ಮೋಟುಗೋಡೆಯ ಹತ್ತಿರ ಹೋದೆ. "ಸುಳ್ಳು ಯಾಕೆ ಹೇಳಿದ್ರಿ?" ಎಂದೆ.

"ನಿಜ ಯೋಳಿದ್ರೆ ಇಲಿ ಬಿದ್ದದ್ದು ಮುಚ್ಚಿಟ್ರು ಅಂತ ನಿಮ್ಮಪ್ಪಾರ್ನ ಇಡ್ಕೊಂಡೋಯ್ತಾರೆ. ಈಗ್ಲೋ ಆಗ್ಲೋ ಅನ್ನಂಗಿದ್ದೀಯ. ನಿಂಗೆ ಗುಡಿಸ್ಲು ಆಕೋರ್ಯಾರು, ನೀರ್ ಕಾಯ್ಸೋರ್ಯಾರು? ಮಗಾ ಉಟ್ಲಿ. ಆಮ್ಯಾಕೆ ನಾನೇ ಓಗಿ ನಿಜ ಯೋಳ್ತೀನಿ. ನಂಗೇನ್ ಬಯ್ಸ್ಕೊಂಡಿರೋ ಆಸೆನಾ?"

ಊರಾಚೆಯ ಬಯಲಲ್ಲಿ ಎಲ್ಲರಿಂದ ದೂರ ಒಂದು ಗುಡಿಸಲು ಹಾಕಿಕೊಂಡರು. ಸತ್ತ ಇಲಿ ಮುಟ್ಟಿದವನು ನಾನು, ನಾಕು ದಿನ ಯಾರೂ ಬರಬೇಡಿ ಎಂದರು. ಬನ್ನಿ ಎಂದರೂ ಹೋಗುವವರು ಯಾರಿದ್ದರು! ಮೂರನೆಯ ದಿನ ಅವರಿಗೆ ಜ್ವರ ಬಂತು. ಅಂದೇ ಮಧ್ಯಾಹ್ನ ನನಗೆ ನೋವು ಕಾಣಿಸಿಕೊಂಡು ಹೊತ್ತು ಮುಳುಗುವ ಮುಂಚೆ ಹೆರಿಗೆಯಾಯಿತು. ಮಗು ಅತ್ತದ್ದು ಅವರಿಗೆ ಕೇಳಿಸಿತೆಂದು ಕಾಣುತ್ತದೆ. ಆ ಗುಡಿಸಲಿನಿಂದ ಗೊಗ್ಗರು ದನಿಯೊಂದು ಬಂತು.

"ಏನ್ ಮಗಾ?"

"ಎಣ್ಣು" ಎಂದು ಅವ್ವ ಕೂಗಿದಳು.

"ತೂಕ ಐತಾ?"

"ಐತೆ ಕಣ್ರೀ, ದುಂಡ್‌ದುಂಡ್ಗೈತೆ!"

ಮತ್ತೆ ಮಾತು ಬರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಯಾರೋ ದೂರದಿಂದ ಕೂಗಿ ನೋಡಿದರು, ಕಲ್ಲು ಎಸೆದು ನೋಡಿದರು. ಆಚಾರ್ರು ತೀರಿಕೊಂಡಿದ್ದರು. ನಿಜ ಹೇಳುತ್ತೇನೆಂದಿದ್ದವರು ಹೀಗೆ ಒಂದೇ ದಿನದಲ್ಲಿ ಇಲ್ಲವಾಗುತ್ತಾರೆಂದು ನನಗೆ ಹೊಳೆದೇ ಇರಲಿಲ್ಲ. ಹಸಿ ಬಾಣಂತಿ ನಾನು, ಗರಿಯ ಗೋಡೆಗೆ ಮುಖ ಒತ್ತಿ ಕುಳಿತುಬಿಟ್ಟೆ. ಎದೆಯಲ್ಲಿ ಹಾಲು ತುಂಬಿ ಬಿಗಿಯುತ್ತಿತ್ತು, ಮಗು ಅಳುತ್ತಿತ್ತು. ಎತ್ತಿಕೊಳ್ಳಬೇಕೆಂಬುದೇ ಮರೆತುಹೋಗಿತ್ತು.

ಹೆಣ ಮುಟ್ಟಲು ಯಾರೂ ಮುಂದೆ ಬರಲಿಲ್ಲ. ಪುರಸಭೆಯ ಗಾಡಿ ಬಂದಾಗ ಅದರ ಹಿಂದೆ ನಡೆದವರು ಅಪ್ಪ ಒಬ್ಬರೇ. ಮಣ್ಣು ಮುಗಿಸಿ, ಹೊಳೆಯಲ್ಲಿ ಮುಳುಗಿ ಒದ್ದೆ ಬಟ್ಟೆಯಲ್ಲಿ ಬಂದರು. ಬಯಲಿನ ಜನವೆಲ್ಲ ಅಪ್ಪನನ್ನು ಕೊಂಡಾಡಿತು. "ಊರಿಗೆ ಮಾರಿ ತಂದೋನ್ಗೂ ಮಣ್ ಆಕುದ್ರು. ದೊಡ್ ಮನ್ಸ ಕಣಪ್ಪಾ ನಮ್ ಸಾವ್ಕಾರ್ರು" ಎಂದರು. ಅಪ್ಪ ತಲೆ ತಗ್ಗಿಸಿ ಕುಳಿತಿದ್ದರು. ಅದನ್ನೂ ಜನ ವಿನಯವೆಂದೇ ತಿಳಿದರು. ಆ ಸಲ ನಮ್ಮ ಬೀದಿಯಲ್ಲಿ ಇನ್ನೂ ಇಬ್ಬರು ಹೋದರು. ಆ ಎರಡು ಸಾವೂ ಆಚಾರ್ರ ತಲೆಗೇ ಬಂದವು.

ನಾನು ಹೇಳಬಹುದಿತ್ತು. ಇವತ್ತು ಹೇಳೋಣ, ನಾಳೆ ಹೇಳೋಣ ಎಂದುಕೊಂಡೆ. ಬಾಣಂತನ ಮುಗಿಯಲಿ, ಗಂಡನ ಮನೆಗೆ ಹೋಗಿ ಬರೋಣ, ಅಪ್ಪನಿಗೆ ಹುಷಾರಿಲ್ಲ, ತಮ್ಮನ ಮದುವೆ ಇದೆ. ನೆವಗಳಿಗೇನು ಬರ.

ಏಳೆಂಟು ವರ್ಷದ ಮೇಲೆ, ಯುದ್ಧ ಮುಗಿದಿತ್ತು, ನಾನು ಮಗಳನ್ನು ಕರೆದುಕೊಂಡು ತವರಿಗೆ ಬಂದಿದ್ದೆ. ಚನ್ನರಾಯಪಟ್ಟಣದಿಂದ ಆಚಾರ್ರ ಮಗಳು ಬಂದಳು. ಮನೆ ಮಾರುವ ಕೆಲಸಕ್ಕೆ ಬಂದವಳು ನಮ್ಮಲ್ಲಿಗೂ ಬಂದಳು. ಒಳಗೆ ಬಾ ಎಂದರೆ ಬರಲಿಲ್ಲ. ಜಗಲಿಯ ಕೆಳಗೆ ಕೈಮುಗಿದು ನಿಂತಳು. ಅಪ್ಪ ಒರಗುಕುರ್ಚಿಯಲ್ಲಿದ್ದರು.

"ನಮ್ಮಪ್ಪ ಆ ಆಳಾದ್ ಇಲಿ ತಂದು ಬೀದಿಗೆಲ್ಲ ಸಾವು ತಂದ. ನಿಮ್ಗೆ ಗುಡಿಸ್ಲಲ್ಲಿ ಎರಿಗೆ ಆಗಂಗ್ ಮಾಡ್ದ. ಆದ್ರೂ ನಿಮ್ಮಪ್ಪಾರು ಅವನ್ಗೆ ಮಣ್ ಆಕುದ್ರು" ಎಂದಳು. "ಆ ಇಲಿ ಎಸ್ರು ಯೋಳಿ ಅತ್ತೆ ಮನೇಲಿ ನನ್ನ ಇವತ್ಗೂ ಆಡ್ಕೊತಾರೆ. ಒಟ್ಟೇಗ್ ಆಕ್ಕೋಬ್ಯಾಡ್ರವ್ವಾ, ತಪ್ಪಾಯ್ತು."

ನಾನು ಅಪ್ಪನ ಕಡೆ ನೋಡಿದೆ. ಅಪ್ಪ ಕಣ್ಣು ಮುಚ್ಚಿದ್ದರು. ನಿದ್ದೆಯಲ್ಲ, ರೆಪ್ಪೆ ಅದುರುತ್ತಿತ್ತು. ನನ್ನ ಮಗಳು ನನ್ನ ಸೆರಗು ಹಿಡಿದು ಆ ಹೆಂಗಸನ್ನೇ ನೋಡುತ್ತಿದ್ದಳು.

"ಹೋಗ್ಲಿ ಬಿಡಕ್ಕಾ" ಎಂದೆ. "ಆದದ್ದಾಯ್ತು."

ಕ್ಷಮಿಸಿದವಳ ಹಾಗೆ ಹೇಳಿದೆ. ಅವಳ ಮಡಿಲಿಗೆ ಎಲೆ ಅಡಿಕೆಯನ್ನೂ ಹಾಕಿ ಕಳಿಸಿದೆ. ನನ್ನ ಬಾಯಿಂದ ಆ ಮಾತು ಬಂತಲ್ಲ ಎಂದು ಈಗಲೂ ಒಮ್ಮೊಮ್ಮೆ ಕೆಲಸದ ನಡುವೆ ಕೈ ನಿಂತುಬಿಡುತ್ತದೆ. ಅಪ್ಪ ಈಗಿಲ್ಲ. ಆ ಅಕ್ಕ ಬದುಕಿದ್ದಾಳೋ ಇಲ್ಲವೋ, ಅವಳ ಮಕ್ಕಳಾದರೂ ಇದನ್ನು ಓದಲಿ. ನಿಮ್ಮ ತಾತನ ಇಲಿ ಊರಿಗೆ ಏನನ್ನೂ ತರಲಿಲ್ಲ. ಇಲಿ ಮೊದಲು ಬಿದ್ದದ್ದು ನಮ್ಮ ಮಂಡಿಯಲ್ಲಿ.