ಅಮ್ಮನ ಎಡಪಕ್ಕೆ

ಎಲ್ಲಿ ನೋವು ಎಂದು ಕೇಳಿದರೆ ನಮ್ಮಮ್ಮನದು ನಾನು ಕಂಡಾಗಿನಿಂದ ಒಂದೇ ಉತ್ತರ: "ಮೈಕೈ ಎಲ್ಲಾ." ಡಾಕ್ಟರು ಕೇಳಿದರೂ ಅಷ್ಟೇ, ಸೊಪ್ಪು ಮಾರುವವಳು ಕೇಳಿದರೂ ಅಷ್ಟೇ. ಇಂಥವಳ ಮೈಮೇಲೆ ನನ್ನ ಹೆಂಡತಿ ಅಂಗರಚನಾಶಾಸ್ತ್ರ ಕಲಿತಳು.

ಹೆಂಡತಿ ನರ್ಸಿಂಗ್ ಹೋಮಿನಲ್ಲಿ ನೆಲ ಒರೆಸುತ್ತಿದ್ದಳು. ನರ್ಸ್ ಸಹಾಯಕಿಯ ಪರೀಕ್ಷೆ ಪಾಸಾದರೆ ಬಕೆಟ್ಟು ಬಿಟ್ಟು ವಾರ್ಡಿಗೆ ಹೋಗಬಹುದು. ಪರೀಕ್ಷೆಗೆ ಯಾರನ್ನಾದರೂ ಕರೆದೊಯ್ದು ಅವರ ಮೈಮೇಲೆ ಅಂಗಗಳ ಜಾಗ ತೋರಿಸಬೇಕು. ಮೊದಲು ನಾನೇ ನಿಂತೆ. ನನಗೋ ವಿಪರೀತ ಕಚಗುಳಿ. ಅವಳ ಬೆರಳು ಯಕೃತ್ತಿನ ಹತ್ತಿರ ಬರುವ ಮೊದಲೇ ಬಾಗಿಲಾಚೆ ಇರುತ್ತಿದ್ದೆ.

"ಇವನ ಕೈಲಿ ನಿಲ್ಲೋದೂ ಆಗಲ್ಲ" ಎಂದು ಅಮ್ಮ ಎದ್ದು ಬಂದಳು. ಈ ವಯಸ್ಸಲ್ಲಿ ಓದು ಯಾಕೆ ಎಂದು ಗೊಣಗಿದ್ದವಳೂ ಅವಳೇ.

ನೆಟ್ಟಗೆ ನಿಂತು ಅಂಗೈ ಮುಂದಕ್ಕೆ ತಿರುಗಿಸಬೇಕಿತ್ತು.

"ಯಾರ ಹತ್ರ ಏನು ಬೇಡೋಕೆ ನಿಂತಿದೀನಿ ನಾನು?"

"ಬೇಡೋದಲ್ಲ ಅತ್ತೆ. ಮೈಯ ಭಾಗಕ್ಕೆಲ್ಲ ಹೀಗೆ ನಿಂತಾಗಲೇ ಹೆಸರು ಹೇಳೋದು. ಎಡ ಅಂದ್ರೆ ನಿಮ್ಮ ಎಡ, ನನ್ನದಲ್ಲ."

"ಮತ್ತೆ ದಿನಾ ನನ್ನ ಬಲಕ್ಕೇ ಯಾಕೆ ಕೈ ಹಾಕ್ತೀಯ?"

ಅದೇ ನನ್ನ ಹೆಂಡತಿಯ ತೊಂದರೆ. ಎದುರು ನಿಂತರೆ ಎಡಬಲ ಅದಲುಬದಲು. ಜೀವಕೋಶ ಸೇರಿ ಅಂಗಾಂಶ, ಅಂಗಾಂಶ ಸೇರಿ ಅಂಗ, ಅಂಗಗಳು ಸೇರಿ ಅಂಗವ್ಯೂಹ ಎಂಬುದನ್ನೆಲ್ಲ ನೀರು ಕುಡಿದಂತೆ ಹೇಳುತ್ತಿದ್ದಳು.

"ಮನೆ ಇದ್ದಂಗೇ" ಎಂದಳು ಅಮ್ಮ. "ಒಬ್ರು ಕೈ ಕೊಟ್ರೆ ಎಲ್ಲಾ ಕೆಡುತ್ತೆ." ಹೇಳುವಾಗ ನನ್ನನ್ನೇ ನೋಡಿದಳು.

ಪರೀಕ್ಷೆಯ ದಿನ ನಾನು ಕಿಟಕಿಯಾಚೆ ನಿಂತಿದ್ದೆ. ಹೃದಯ, ಜಠರ ಹೇಗೋ ದಾಟಿದವು. "ಗುಲ್ಮ, ಅಂದ್ರೆ ಸ್ಪ್ಲೀನ್, ಎಲ್ಲಿದೆ?" ಎಂದರು ಪರೀಕ್ಷೆಯ ಮೇಡಂ. ಹೆಂಡತಿಯ ಕೈ ನೇರವಾಗಿ ಅಮ್ಮನ ಬಲಪಕ್ಕೆಗೆ ಹೊರಟಿತು. ಅದು ಇರುವುದು ಎಡಕ್ಕೆ ಎಂದು ದಿನಾ ಕೇಳಿ ಕೇಳಿ ನನಗೂ ಗೊತ್ತಿತ್ತು.

ಅಮ್ಮ ಜೋರಾಗಿ ನರಳಿದಳು.

"ಎಲ್ಲಿ ನೋವಮ್ಮ?" ಮೇಡಂ ಗಾಬರಿಯಾದರು.

"ಎಡಗಡೆ. ಮೇಲ್ಹೊಟ್ಟೆ. ಪಕ್ಕೆಲುಬಿನ ಅಡೀಲಿ, ಜಠರದ ಹಿಂದೆ."

ಹೆಂಡತಿಯ ಕೈ ದಾರಿ ಬದಲಿಸಿತು. ಮೇಡಂ ಪೆನ್ನು ಕೆಳಗಿಟ್ಟರು.

"ಇಷ್ಟು ಸರಿಯಾಗಿ ನೋವು ಹೇಳೋ ರೋಗಿ ನನಗೆ ಇದುವರೆಗೂ ಸಿಕ್ಕಿಲ್ಲ. ನೀವು ಸುಮ್ನಿರಿ. ನೀನು ಮೊದಲಿಂದ ತೋರ್ಸಮ್ಮ."

ಹೆಂಡತಿ ಈ ಸಲ ಎದುರಿನ ಜಾಗ ಬಿಟ್ಟು ಅತ್ತೆಯ ಪಕ್ಕಕ್ಕೆ ಹೋಗಿ, ಅಮ್ಮ ನೋಡುತ್ತಿದ್ದ ಕಡೆಗೇ ಮುಖ ಮಾಡಿ ನಿಂತಳು. ಇಬ್ಬರ ಎಡವೂ ಒಂದೇ ಆಯಿತು. ಒಂದೂ ತಪ್ಪಲಿಲ್ಲ.

ಪಾಸಾದಳು. ಮನೆಗೆ ಬರುವಾಗ ಕೇಳಿದೆ, "ಅಮ್ಮ, ಆ ನೋವು ನಿಜವಾ?"

"ಸೊಸೆ ಫೇಲಾಗ್ತಾಳೆ ಅಂದ್ರೆ ನೋವಾಗಲ್ವೇನೋ?"

"ಎಲ್ಲಿ?"

"ಮೈಕೈ ಎಲ್ಲಾ."